ಅಂಜಲ್‌ನಲ್ಲಿ ಪಾದರಸ: ಅಮೆರಿಕದ ಪಟ್ಟಿಯನ್ನು ನಮ್ಮ ಮೀನಿಗೆ ಹಾಗೇ ಹಾಕಬಹುದೇ?

ಊಟದ_ಪಟ್ಟಿ (ಪ್ರಶ್ನೆ)

ಹೆರಿಗೆ ಆಸ್ಪತ್ರೆಯೊಂದರ ಕ್ಯಾಂಟೀನಿಗೆ ವಾರದ ಮೀನೂಟದ ಪಟ್ಟಿ ತಯಾರಾಗಬೇಕು. ವಾರಕ್ಕೆ ಎರಡು ದಿನ ಮೀನು, ಒಬ್ಬರಿಗೆ ಹಸಿ ತೂಕದಲ್ಲಿ 120 ಗ್ರಾಂ. ಉಣ್ಣುವವರಲ್ಲಿ ಹೆಚ್ಚಿನವರು ಬಸುರಿಯರು, ಬಾಣಂತಿಯರು. ಅಮೆರಿಕದ ಎಫ್‌ಡಿಎ (ಆಹಾರ ಮತ್ತು ಔಷಧ ಇಲಾಖೆ) ಪಟ್ಟಿಯಲ್ಲಿ ಕಿಂಗ್ ಮ್ಯಾಕರೆಲ್‌ಗೆ ಸರಾಸರಿ 0.73 ಪಿಪಿಎಂ (ಒಂದು ಕಿಲೋ ಮೀನಿನಲ್ಲಿ ಅಷ್ಟು ಮಿಲಿಗ್ರಾಂ) ಪಾದರಸ ಅಂತ ಇದೆ, ಬಸುರಿಯರು ತಿನ್ನಲೇಬಾರದು ಅನ್ನುತ್ತಾರೆ. ನಮ್ಮ ಸರಬರಾಜುದಾರರ ಬಿಲ್ಲಿನಲ್ಲಿ ಅಂಜಲ್ ಅನ್ನು ಕಿಂಗ್ ಫಿಶ್ ಅಂತ ಬರೆದಿರುತ್ತದೆ. ಹಾಗಾದರೆ ಅಂಜಲ್ ಪೂರ್ತಿ ಬಿಡಬೇಕೇ?

ಇನ್ನೊಂದು, ಅಷ್ಟು ದೊಡ್ಡ ಸಮುದ್ರದ ನೀರಿನಲ್ಲಿ ಪಾದರಸ ಇಲ್ಲವೆನ್ನುವಷ್ಟು ಕಡಿಮೆ ಅಂತ ಓದಿದ್ದೇನೆ. ಅದು ಮೀನಿನಲ್ಲಿ ಇಷ್ಟು ಸೇರುವುದು ಹೇಗೆ? ಉಪ್ಪು, ಲಿಂಬೆ ಹಾಕಿ ತೊಳೆದರೆ, ತಲೆ ತೆಗೆದರೆ, ಚೆನ್ನಾಗಿ ಹುರಿದರೆ ಕಡಿಮೆ ಆಗುತ್ತದೆಯೇ? ಒಣಮೀನು, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಚಿಪ್ಪುಜೀವಿ) ಬಗ್ಗೆಯೂ ಗೊತ್ತಿದ್ದವರು ಹೇಳಿ.

ಕಡಲಜೀವಿ

ಮೊದಲು ನಿಮ್ಮ ಎರಡನೇ ಪ್ರಶ್ನೆ. ಅದು ಬಿಡಿಸಿದರೆ ಉಳಿದವುಗಳ ಅರ್ಧ ಉತ್ತರ ತಾನಾಗಿ ಸಿಗುತ್ತದೆ.

ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಪಾದರಸ ಸುಮಾರು 0.2 ನ್ಯಾನೊಗ್ರಾಂ. ಒಂದು ಕಿಲೋ ಮೀನಿನಲ್ಲಿ 0.5 ಮಿಲಿಗ್ರಾಂ ಇದೆ ಅಂದರೆ ಅದು 5 ಲಕ್ಷ ನ್ಯಾನೊಗ್ರಾಂ. ನೀರಿಗಿಂತ 25 ಲಕ್ಷ ಪಟ್ಟು. ಈ ಏರಿಕೆ ಎಲ್ಲ ಮೆಟ್ಟಿಲಲ್ಲೂ ಒಂದೇ ಸಮ ಆಗುವುದಿಲ್ಲ. ದೊಡ್ಡ ಜಿಗಿತ ಮೊದಲನೆಯದೇ, ನೀರಿನಿಂದ ಸಸ್ಯಪ್ಲವಕಕ್ಕೆ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳಿಗೆ). ಅಲ್ಲೇ ಹತ್ತು ಸಾವಿರದಿಂದ ಲಕ್ಷ ಪಟ್ಟು ಆಗಿಹೋಗುತ್ತದೆ. ಆಮೇಲಿನ ಒಂದೊಂದು ಮೆಟ್ಟಿಲಲ್ಲಿ ಎರಡು ಪಟ್ಟಿನಿಂದ ಹತ್ತು ಪಟ್ಟಿನವರೆಗೆ, ಸಾಮಾನ್ಯವಾಗಿ ಮೂರು, ನಾಲ್ಕು, ಐದು.

ಪಾದರಸದ ಎಲ್ಲ ರೂಪಗಳೂ ಹೀಗೆ ಮೇಲೇರುವುದಿಲ್ಲ, ಗಮನಿಸಿ. ಕಲ್ಲಿದ್ದಲು ಉರಿಸಿದಾಗ, ಸಣ್ಣ ಚಿನ್ನದ ಗಣಿಗಳಲ್ಲಿ ಪಾದರಸ ಕಾಯಿಸಿದಾಗ ಹೊರಬರುವ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ಸುತ್ತಿ ಮಳೆಯ ಜೊತೆ ಸಮುದ್ರಕ್ಕಿಳಿಯುತ್ತದೆ. ಆಗ ಅದು ಅಜೈವಿಕ ರೂಪದಲ್ಲಿರುತ್ತದೆ. ಆಮ್ಲಜನಕ ಕಡಿಮೆ ಇರುವ ಆಳದ ನೀರಿನಲ್ಲಿ, ಕೆಸರಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಅದಕ್ಕೆ ಮೀಥೈಲ್ ಗುಂಪು ಅಂಟಿಸುತ್ತವೆ. ಆ ಕೆಲಸ ಮಾಡುವ ಎರಡು ವಂಶವಾಹಿಗಳು ಪತ್ತೆಯಾದದ್ದು 2013ರಲ್ಲಿ. ಸಸ್ಯಪ್ಲವಕದ ಕೋಶದಲ್ಲಿ ಅಜೈವಿಕ ಪಾದರಸ ಹೆಚ್ಚಾಗಿ ಹೊರಗೋಡೆಗೆ ಅಂಟಿಕೊಂಡು ನಿಂತರೆ, ಮೀಥೈಲ್ ಪಾದರಸ ಒಳಗಿನ ರಸಕ್ಕೆ ಇಳಿಯುತ್ತದೆ. ಪ್ಲವಕ ತಿನ್ನುವ ಕೋಪೆಪಾಡ್ (ಸಿಗಡಿಯ ಬಳಗದ ಪುಟ್ಟ ಜೀವಿ) ಒಳಗಿನ ರಸವನ್ನು ಜೀರ್ಣಿಸಿಕೊಂಡು ಗೋಡೆಯನ್ನು ಹಿಕ್ಕೆಯಾಗಿ ಹೊರಹಾಕುತ್ತದೆ. ಅಂದರೆ ಜರಡಿ ಹಿಡಿಯುವ ಕೆಲಸ ಅಲ್ಲೇ ಮುಗಿಯಿತು: ಮುಂದಕ್ಕೆ ಹೋಗುವುದು ಹೆಚ್ಚಾಗಿ ಮೀಥೈಲ್ ಪಾದರಸವೇ.

ಇನ್ನು ಮೀನಿನೊಳಗೆ. ಮೀಥೈಲ್ ಪಾದರಸ ಪ್ರೋಟೀನಿನ ಗಂಧಕಕ್ಕೆ ಬಿಗಿಯಾಗಿ ಕೂರುತ್ತದೆ. ಮೀನು ತಿಂದದ್ದರಲ್ಲಿ ಬಹುಪಾಲನ್ನು ಉಸಿರಾಟಕ್ಕೆ, ಈಜಾಟಕ್ಕೆ ಉರಿಸುತ್ತದೆ, ಪಾದರಸವನ್ನು ಉರಿಸಲಾಗದು. ಒಂದು ಲೆಕ್ಕ ಹಾಕಿ ನೋಡಿ (ಉದಾಹರಣೆಗಷ್ಟೇ, ಅಳತೆಯಲ್ಲ). 0.02 ಪಿಪಿಎಂ ಇರುವ ಬೂತಾಯಿಯನ್ನು 10 ಕಿಲೋ ತಿಂದು ಅಂಜಲ್ ಒಂದು ಕಿಲೋ ಬೆಳೆಯಿತು ಅನ್ನಿ. ಒಳಹೋದದ್ದು 200 ಮೈಕ್ರೊಗ್ರಾಂ, ಅದರಲ್ಲಿ ಶೇ. 80 ಹೀರಿದರೆ 160. ಅದು ಒಂದು ಕಿಲೋ ಮೈಯಲ್ಲಿ ಹಂಚಿಹೋದರೆ 0.16 ಪಿಪಿಎಂ. ವಯಸ್ಸಾದ ಮೀನಿಗೆ ಬೆಳವಣಿಗೆ ನಿಧಾನ. ಒಂದು ಕಿಲೋ ಕೂಡಿಸಲು 20 ಕಿಲೋ ತಿನ್ನಬೇಕು, ಆಗ ಅದೇ ಲೆಕ್ಕ 0.32 ಆಗುತ್ತದೆ. ಅದರ ಮೇಲೆ, ದೊಡ್ಡ ಮೀನು ತಿನ್ನುವುದೂ ದೊಡ್ಡ ಬೇಟೆಯನ್ನೇ. ಹೊರಹೋಗುವುದು ತೀರಾ ನಿಧಾನ, ಅರ್ಧ ಕಳೆಯಲು ತಿಂಗಳುಗಳು, ಕೆಲವು ಜಾತಿಗಳಲ್ಲಿ ವರ್ಷಗಳು.

ಎಲ್ಲಿ ಉಣ್ಣುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಫ್‌ಡಿಎ ಪಟ್ಟಿಯಲ್ಲೇ ನೋಡಿ: ಯೆಲ್ಲೊಫಿನ್ ಟ್ಯೂನಾ 0.354, ಬಿಗ್‌ಐ ಟ್ಯೂನಾ 0.689. ಎರಡೂ ಟ್ಯೂನಾವೇ, ಆದರೆ ಬಿಗ್‌ಐ ಆಳಕ್ಕಿಳಿದು ಬೇಟೆಯಾಡುತ್ತದೆ, ಮೀಥೈಲ್ ಪಾದರಸ ಹುಟ್ಟುವ ಪದರಕ್ಕೆ ಹತ್ತಿರ. ಅರಬ್ಬಿ ಸಮುದ್ರದಲ್ಲಿ ಆಮ್ಲಜನಕ ಕುಗ್ಗಿದ ಪದರ ಸುಮಾರು 150 ಮೀಟರಿನಿಂದ 1000 ಮೀಟರ್ ಆಳದವರೆಗೆ ಹರಡಿದೆ, ಜಗತ್ತಿನ ದೊಡ್ಡವುಗಳಲ್ಲಿ ಒಂದು. ಹಾಗಾಗಿ ಕಾರ್ಖಾನೆ ಹತ್ತಿರ ಇಲ್ಲ, ಮೀನು ಶುದ್ಧ ಅನ್ನುವ ವಾದ ಟ್ಯೂನಾಕ್ಕೆ ನಡೆಯುವುದಿಲ್ಲ.

ದಕ್ಕೆ_ತೂಕ

ಅಂಜಲ್ ಬಗ್ಗೆ. ಎಫ್‌ಡಿಎಯ ಕಿಂಗ್ ಮ್ಯಾಕರೆಲ್ ಅಂದರೆ ಸ್ಕಾಂಬೆರೊಮೊರಸ್ ಕವಾಲ, ಅಟ್ಲಾಂಟಿಕ್ ಮತ್ತು ಮೆಕ್ಸಿಕೊ ಕೊಲ್ಲಿಯದು. ನಮ್ಮ ಅಂಜಲ್ (ಕಾರವಾರದ ಕಡೆ ಇಸ್ವಾಣ) ಮುಖ್ಯವಾಗಿ ಸ್ಕಾಂಬೆರೊಮೊರಸ್ ಕಮರ್ಸನ್. ಕುಲ ಒಂದೇ, ಜಾತಿ ಬೇರೆ, ಕಡಲೂ ಬೇರೆ. ಆ 0.73 ಅನ್ನು ಎತ್ತಿ ಅಂಜಲ್‌ಗೆ ಅಂಟಿಸುವುದು ತಪ್ಪು. ಹಾಗಂತ ಅಂಜಲ್‌ನಲ್ಲಿ ಪಾದರಸವೇ ಇಲ್ಲ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಎರಡೂ ಮೀನು ತಿನ್ನುವ ಮೀನುಗಳು. ಅದೇ ಪಟ್ಟಿಯಲ್ಲಿ ಸ್ಪ್ಯಾನಿಷ್ ಮ್ಯಾಕರೆಲ್ ಎರಡು ಸಾಲುಗಳಲ್ಲಿದೆ: ಮೆಕ್ಸಿಕೊ ಕೊಲ್ಲಿಯದಕ್ಕೆ 0.454, ದಕ್ಷಿಣ ಅಟ್ಲಾಂಟಿಕ್‌ನದಕ್ಕೆ 0.182. ಒಂದೇ ಹೆಸರಿನ ಮೀನು, ಕಡಲು ಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ.

ಹಾಗಾಗಿ ಬಿಲ್ಲಿನ ಹೆಸರು ಬಿಡಿ, ಇಡೀ ಮೀನಿನ ತೂಕ ಕೇಳಿ. ಕಮರ್ಸನ್ 2 ಮೀಟರ್ ದಾಟಿ ಬೆಳೆಯಬಲ್ಲ ಮೀನು. ಒಂದೂವರೆ, ಎರಡು ಕಿಲೋದ ಅಂಜಲ್ ಚಿಕ್ಕ ಪ್ರಾಯದ್ದು, ಚುರುಕಾಗಿ ಬೆಳೆಯುತ್ತಿರುವಾಗ ಮೈ ಹಿಗ್ಗುವ ವೇಗಕ್ಕೆ ಪಾದರಸ ತೆಳುವಾಗುತ್ತದೆ. ಎಂಟು, ಹತ್ತು ಕಿಲೋದ್ದು ವರ್ಷಗಟ್ಟಲೆ ಬೇಟೆಯಾಡಿದ್ದು. ಅಡುಗೆಮನೆಗೆ ತುಂಡು ಮಾಡಿದ ಅಂಜಲ್ ಮಾತ್ರ ಬರುತ್ತಿದ್ದರೆ ತುಂಡಿನ ಅಡ್ಡಳತೆ ನೋಡಿ. ನಡು ಮೈಯ ತುಂಡು ಅಂಗೈ ಅಗಲಕ್ಕಿಂತ ದೊಡ್ಡದಿದ್ದರೆ ಅದು ದೊಡ್ಡ ಮೀನಿನದೇ. ಖರೀದಿ ಷರತ್ತಿನಲ್ಲಿ "ಇಡೀ ಮೀನು 2 ಕಿಲೋ ಒಳಗೆ, ಕಣ್ಣೆದುರು ತುಂಡು ಮಾಡಬೇಕು" ಅಂತ ಬರೆಸಿದರೆ ಅರ್ಧ ಕೆಲಸ ಆಯಿತು. ದರ ಸ್ವಲ್ಪ ಇಳಿಯಲೂಬಹುದು, ಹೋಟೆಲಿನವರಿಗೆ ಬೇಕಾಗುವುದು ದೊಡ್ಡ ತುಂಡೇ.

ಜಾತಿ ಗುರುತಿಸಲು: ಕಮರ್ಸನ್‌ಗೆ ಪಕ್ಕೆಯಲ್ಲಿ ಮೇಲಿಂದ ಕೆಳಕ್ಕೆ ಅಲೆಯಲೆಯಾದ ತೆಳು ಪಟ್ಟೆಗಳಿರುತ್ತವೆ. ಪಟ್ಟೆಯಿಲ್ಲದೆ ಸಾಲಾಗಿ ದುಂಡು ಚುಕ್ಕಿಗಳಿದ್ದರೆ ಅದು ಸ್ಕಾಂಬೆರೊಮೊರಸ್ ಗುಟ್ಟೇಟಸ್, ದೊಡ್ಡದೆಂದರೂ ಮುಕ್ಕಾಲು ಮೀಟರ್. ಸಿಕ್ಕರೆ ನಿಮಗೆ ಅದೇ ಲೇಸು.

ಬಸುರಿಯರ ಊಟಕ್ಕೆ ಶಾರ್ಕ್ ಬೇಡವೇ ಬೇಡ. ಮರಿ ಶಾರ್ಕ್ ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಅಂತ ಕರಾವಳಿಯಲ್ಲಿ ಕೊಡುವುದುಂಟು. ಶಾರ್ಕ್ ಮರಿ ಮೊಟ್ಟೆಯಲ್ಲಿ, ಗರ್ಭದಲ್ಲಿ ಇರುವಾಗಲೇ ತಾಯಿಯಿಂದ ಪಾದರಸ ಪಡೆಯುತ್ತದೆ. ಆದ್ದರಿಂದ ಮರಿ ಅಂದಮಾತ್ರಕ್ಕೆ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. ಬಾಣಂತಿಗೆ ಬೊಳಂಜೀರಿನಂಥ ಸಣ್ಣ ಮೀನು ಕೊಡಿ.

ಪಥ್ಯದ_ತಕ್ಕಡಿ

ಈಗ ತಟ್ಟೆಯ ಲೆಕ್ಕ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2003ರಲ್ಲಿ ಇಟ್ಟ ಮಿತಿ: ಮೈತೂಕದ ಕಿಲೋಗೆ ವಾರಕ್ಕೆ 1.6 ಮೈಕ್ರೊಗ್ರಾಂ ಮೀಥೈಲ್ ಪಾದರಸ. ಯುರೋಪಿನವರು 2012ರಲ್ಲಿ ಅದನ್ನು 1.3 ಮಾಡಿದರು. ಅಮೆರಿಕದ ಪರಿಸರ ಇಲಾಖೆಯದು ದಿನಕ್ಕೆ 0.1, ಅಂದರೆ ವಾರಕ್ಕೆ 0.7. ಮೂರೂ ಭ್ರೂಣದ ಮಿದುಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಿಮ್ಮದು ಹೆರಿಗೆ ಆಸ್ಪತ್ರೆ, ಬಿಗಿಯಾದ 0.7ನ್ನೇ ಹಿಡಿಯಿರಿ ಅನ್ನುತ್ತೇನೆ.

60 ಕಿಲೋ ತೂಕದವರಿಗೆ ವಾರಕ್ಕೆ 42 ಮೈಕ್ರೊಗ್ರಾಂ. ಪಿಪಿಎಂ ಅಂದರೆ ಒಂದು ಗ್ರಾಂ ಮೀನಿನಲ್ಲಿ ಅಷ್ಟು ಮೈಕ್ರೊಗ್ರಾಂ, ಆದ್ದರಿಂದ ಗುಣಿಸಿದರೆ ಸಾಕು. 0.05 ಪಿಪಿಎಂ (ಎಫ್‌ಡಿಎ ಪಟ್ಟಿಯಲ್ಲಿ ಅಟ್ಲಾಂಟಿಕ್ ಬಂಗುಡೆಯ ಸರಾಸರಿ) ಇರುವ ಮೀನು 120 ಗ್ರಾಂ, ಎರಡು ದಿನ: 12 ಮೈಕ್ರೊಗ್ರಾಂ. ನಮ್ಮ ಬಂಗುಡೆ ಅಟ್ಲಾಂಟಿಕ್ ಬಂಗುಡೆಯಲ್ಲ, ಆದ್ದರಿಂದ ಆ 0.05 ಅನ್ನು ದುಪ್ಪಟ್ಟು ಮಾಡಿ 0.1 ಅಂತಲೇ ಇಟ್ಟುಕೊಳ್ಳಿ, ಆಗಲೂ 24. ಆರಾಮ. 0.25 ಇರುವ ಅಂಜಲ್ ಒಂದು ದಿನ ಕೊಟ್ಟರೆ 30, ಎರಡು ದಿನ ಕೊಟ್ಟರೆ 60, ಮಿತಿ ದಾಟಿತು. 0.7 ಇದ್ದರೆ 60 ಗ್ರಾಂಗೇ ವಾರದ ಪಾಲು ಮುಗಿಯುತ್ತದೆ, ಅರ್ಧ ತುಂಡು. 45 ಕಿಲೋ ತೂಕದ ಬಸುರಿಗೆ ಇವೆಲ್ಲ ಮುಕ್ಕಾಲಕ್ಕೆ ಇಳಿಯುತ್ತವೆ, ಪಟ್ಟಿ ಮಾಡುವವರು ಮರೆಯುವುದು ಇದನ್ನೇ.

ಹಾಗಾಗಿ ಒಂದು ದಿನ ಬೂತಾಯಿ, ಇನ್ನೊಂದು ದಿನ ಬಂಗುಡೆ, ಕಾಣೆ ಅಥವಾ ಸಿಗಡಿ. ಅಂಜಲ್ ಬೇಕೇ ಬೇಕೆಂದರೆ ಸಣ್ಣದು, ಹದಿನೈದು ದಿನಕ್ಕೊಮ್ಮೆ. ಭಯಪಟ್ಟು ಮೀನೇ ನಿಲ್ಲಿಸಬೇಡಿ. ಒಮೆಗಾ-3, ಅಯೋಡಿನ್, ಸೆಲೆನಿಯಂ ಎಲ್ಲ ಅದೇ ತಟ್ಟೆಯಲ್ಲಿ ಬರುತ್ತವೆ. ಸೇಶೆಲ್ಸ್ ದ್ವೀಪಗಳಲ್ಲಿ ಬಸುರಿಯರು ವಾರಕ್ಕೆ ಸರಾಸರಿ 12 ಊಟ ಸಮುದ್ರ ಮೀನು ತಿನ್ನುತ್ತಿದ್ದರು, ಅಲ್ಲಿನ ದೀರ್ಘ ಅಧ್ಯಯನದಲ್ಲಿ ಮಕ್ಕಳಿಗೆ ಸ್ಪಷ್ಟ ಹಾನಿ ಕಾಣಲಿಲ್ಲ. ಫಾರೋ ದ್ವೀಪಗಳಲ್ಲಿ ಕಂಡಿತು. ಅಲ್ಲಿ ಪಾದರಸ ಬಂದದ್ದು ಹೆಚ್ಚಾಗಿ ಪೈಲಟ್ ತಿಮಿಂಗಿಲದ ಮಾಂಸದಿಂದ, ಅದರ ಕೊಬ್ಬಿನಲ್ಲಿ ಪಿಸಿಬಿ (ಕಾರ್ಖಾನೆಗಳಿಂದ ಬಂದ ವಿಷ ರಾಸಾಯನಿಕ) ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಉಲ್ಲೇಖಿಸಿ "ವಿಜ್ಞಾನಿಗಳಿಗೇ ಒಮ್ಮತ ಇಲ್ಲ" ಅನ್ನುವವರು ತಟ್ಟೆಯಲ್ಲಿ ಏನಿತ್ತು ಅಂತ ನೋಡಿರುವುದಿಲ್ಲ.

ಮನುಷ್ಯನ ರಕ್ತದಲ್ಲಿ ಮೀಥೈಲ್ ಪಾದರಸ ಅರ್ಧವಾಗಲು ಸುಮಾರು 50 ದಿನ ಬೇಕು. ಬಸಿರು ಗೊತ್ತಾದ ಮೇಲೆ ಪಥ್ಯ ಶುರು ಮಾಡಿದರೆ ಮೊದಲ ಮೂರು ತಿಂಗಳು ಹಳೆಯ ಸಾಲವೇ ಓಡುತ್ತಿರುತ್ತದೆ. ಹೊರರೋಗಿ ವಿಭಾಗದಲ್ಲಿ, ಮಗುವಿಗೆ ತಯಾರಾಗುತ್ತಿರುವವರಿಗೆ ಕೊಡುವ ಚೀಟಿಯಲ್ಲೂ ಈ ಸಾಲು ಸೇರಿಸಿ.

ಬಾಣಲೆ_ಬದಿ

ತೊಳೆಯುವುದು, ಹುರಿಯುವುದು: ಪಾದರಸಕ್ಕೆ ಯಾವುದೂ ನಾಟುವುದಿಲ್ಲ. ಅದು ಕೂತಿರುವುದು ಮಾಂಸದ ಪ್ರೋಟೀನಿನಲ್ಲಿ. ಲಿಂಬೆ, ಹುಣಸೆ, ಉಪ್ಪು ವಾಸನೆ ತೆಗೆಯುತ್ತವೆ, ಅಷ್ಟೇ. ಹುರಿದರೆ ನೀರು ಹೋಗಿ 120 ಗ್ರಾಂ ತುಂಡು 90 ಗ್ರಾಂ ಆಗುತ್ತದೆ, ಪಾದರಸ ಅಷ್ಟೇ ಇರುತ್ತದೆ, ಗ್ರಾಂ ಲೆಕ್ಕದಲ್ಲಿ ಏರಿದಂತೆ ಕಾಣುತ್ತದೆ. ಅದಕ್ಕೇ ಲೆಕ್ಕವನ್ನು ಯಾವಾಗಲೂ ಹಸಿ ತೂಕದಲ್ಲೇ ಇಡಿ. ಒಣಮೀನಿಗೂ ಇದೇ ಮಾತು: ಹಸಿ ಮೀನಿನ ಮುಕ್ಕಾಲು ಪಾಲು ನೀರು, ಒಣಗಿದ ಮೇಲೆ ಅದೇ ಪಾದರಸ ಎರಡರಿಂದ ಮೂರು ಪಟ್ಟು ದಟ್ಟ. ಬೊಳಂಜೀರು, ಸಣ್ಣ ಸಿಗಡಿ ಒಣಗಿಸಿದ್ದಾದರೆ ಮೂಲದಲ್ಲೇ ಕಡಿಮೆ, ತೊಂದರೆಯಿಲ್ಲ, ಉಪ್ಪಿನ ಚಿಂತೆ ಬೇರೆ. ಒಣ ಶಾರ್ಕ್ ಮಾತ್ರ ಎರಡು ಕಡೆಯಿಂದಲೂ ಹೊಡೆತ.

ಚರ್ಮ, ಹೊಟ್ಟೆಯ ಕೊಬ್ಬು ತೆಗೆದರೆ ಕಡಿಮೆ ಆಗುತ್ತದೆ ಅಂತ ಓದಿರುತ್ತೀರಿ. ಅದು ಪಿಸಿಬಿ, ಡಯಾಕ್ಸಿನ್, ಡಿಡಿಟಿ ಮಾತು. ಅವು ಕೊಬ್ಬಿನಲ್ಲಿ ಕೂರುವ ವಿಷಗಳು, ಅಲ್ಲಿ ಕೊಬ್ಬು ಕೆತ್ತಿ, ಕೆಂಡದ ಮೇಲೆ ಸುಟ್ಟು, ತೊಟ್ಟಿಕ್ಕುವ ಎಣ್ಣೆ ಬಿಟ್ಟರೆ ನಿಜವಾಗಿ ಇಳಿಯುತ್ತದೆ. ಮತ್ತು ಅಲ್ಲಿ ಸಣ್ಣ ಮೀನು ಸುರಕ್ಷಿತ ಅನ್ನುವ ಸೂತ್ರವೂ ಸ್ವಲ್ಪ ಅಲುಗುತ್ತದೆ. ಬಾಲ್ಟಿಕ್ ಸಮುದ್ರದ ಹೆರಿಂಗ್ ಚಿಕ್ಕ ಮೀನೇ, ಆದರೆ ಕೊಬ್ಬಿನದು, ಆ ಸಮುದ್ರವೋ ಸುತ್ತ ಮುಚ್ಚಿದಂಥದು. ಅದರ ಡಯಾಕ್ಸಿನ್ ಯುರೋಪಿನ ಮಿತಿ ದಾಟುವುದುಂಟು. ಸ್ವೀಡನ್, ಫಿನ್ಲೆಂಡ್ ತಮ್ಮ ದೇಶದೊಳಗೆ ಮಾರಲು ವಿನಾಯಿತಿ ಪಡೆದಿವೆ. ಫಿನ್ಲೆಂಡಿನಲ್ಲಿ ಮಕ್ಕಳಿಗೆ, ಬಸುರಿಯರಿಗೆ 17 ಸೆಂ.ಮೀ.ಗಿಂತ ಉದ್ದದ ಹೆರಿಂಗ್ ಮಿತವಾಗಿರಲಿ ಅನ್ನುತ್ತಾರೆ.

ಬೊಂಡಾಸ್: ಮಾಂಸದಲ್ಲಿ ಪಾದರಸ ಕಡಿಮೆ, ಎಫ್‌ಡಿಎ ಸರಾಸರಿ 0.024. ಅದರ ಸಮಸ್ಯೆ ಕ್ಯಾಡ್ಮಿಯಂ. ಅದು ಮಾಂಸದಲ್ಲಿ ಕಡಿಮೆ, ಒಳಗಿನ ಜೀರ್ಣಗ್ರಂಥಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಯುರೋಪಿನ 1.0 ಮಿ.ಗ್ರಾಂ/ಕಿಲೋ ಮಿತಿಯೂ ಒಳಾಂಗ ತೆಗೆದ ಬೊಂಡಾಸ್‌ಗೇ. ಕತ್ತರಿಸುವಾಗ ಆ ಚೀಲ ಒಡೆದು ಮಾಂಸಕ್ಕೆ ಬಳಿದರೆ, ಒಡೆದ ನಂತರ ಹಾಗೇ ಮಂಜಿನಲ್ಲಿ ಇಟ್ಟರೆ ರಸ ಮಾಂಸಕ್ಕೆ ಇಳಿಯುತ್ತದೆ. ತಲೆ ಹಿಡಿದು ಮೆಲ್ಲಗೆ ಎಳೆದರೆ ಒಳಾಂಗ ಇಡಿಯಾಗಿ ಬರುತ್ತದೆ, ತಕ್ಷಣ ತಣ್ಣೀರಿನಲ್ಲಿ ತೊಳೆಯಿರಿ. ಏಡಿಯ ಚಿಪ್ಪಿನೊಳಗಿನ ಕಂದು ಭಾಗಕ್ಕೂ ಇದೇ ಎಚ್ಚರಿಕೆ.

ಮರುವಾಯಿ, ಪಾಚಿಲೆ ನೀರು ಸೋಸಿ ತಿನ್ನುವವು, ಆಹಾರ ಸರಪಳಿಯ ಬುಡದಲ್ಲಿವೆ. ಅವುಗಳಲ್ಲಿ ಸೇರುವುದು ಆ ಜಾಗದ ಕೊಳೆ: ಸೀಸ, ಕ್ಯಾಡ್ಮಿಯಂ, ಚರಂಡಿಯ ರೋಗಾಣು. 1986ರಿಂದ ಅಮೆರಿಕದಲ್ಲಿ ಕರಾವಳಿಯ ಕೊಳೆ ಅಳೆಯಲು ಈ ಚಿಪ್ಪುಜೀವಿಗಳನ್ನೇ ಬಳಸುತ್ತಿದ್ದಾರೆ. ಶುದ್ಧ ನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಬ್ಯಾಕ್ಟೀರಿಯಾ ಬಹಳ ಮಟ್ಟಿಗೆ ಹೋಗುತ್ತವೆ, ಲೋಹ ಹೋಗಲು ವಾರಗಟ್ಟಲೆ ಬೇಕು. ಹಾಗಾಗಿ ಎಲ್ಲಿ ಬಾಚಿದ್ದು ಅಂತ ತಿಳಿಯದ ಮರುವಾಯಿ ಆಸ್ಪತ್ರೆಗೆ ಬೇಡ.

ತಲೆ ತೆಗೆದರೆ ಪಾದರಸಕ್ಕೆ ಪ್ರಯೋಜನವಿಲ್ಲ. ಆದರೆ ಬಂಡೆ ಸಾಲಿನ ದೊಡ್ಡ ಕೆಂಬೇರಿ ಜಾತಿಯ ಮೀನಿನ ತಲೆ ಬಿಡುವುದಕ್ಕೆ ಬೇರೆ ಕಾರಣ ಇದೆ. 2016ರಲ್ಲಿ ಮಂಗಳೂರು ಭಾಗದಲ್ಲಿ ಅಂಥ ಮೀನಿನ ತಲೆ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಸಿಗ್ವಾಟೆರಾ ವಿಷ. ಅದೂ ಪಾಚಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡ ಮೀನಿಗೆ ಏರಿಬರುವಂಥದೇ, ಕುದಿಸಿದರೆ ಹೋಗುವುದಿಲ್ಲ, ತಲೆ ಮತ್ತು ಒಳಾಂಗಗಳಲ್ಲಿ ಹೆಚ್ಚು.

ಊಟದ_ಪಟ್ಟಿ

ಎಲ್ಲರಿಗೂ ಧನ್ಯವಾದ. ಅಂಜಲ್ ಮಾದರಿಯೊಂದನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದ್ದರು, ವರದಿ 1.1 ಮಿ.ಗ್ರಾಂ/ಕಿಲೋ ಅನ್ನುತ್ತದೆ. ಮೀನಿನ ತೂಕ 1.8 ಕಿಲೋ. ಇದು ನಿಜವಿರಬಹುದೇ?

ಪಿಪೆಟ್

ಆ ತೂಕದ ಅಂಜಲ್‌ಗೆ 1.1 ತುಂಬಾ ಜಾಸ್ತಿ ಅನಿಸುತ್ತದೆ. ಗಾಬರಿಯಾಗುವ ಮೊದಲು ವರದಿಯಲ್ಲಿ "ಒಣ ತೂಕ" ಅಂತ ಎಲ್ಲಾದರೂ ಸಣ್ಣಕ್ಷರದಲ್ಲಿ ಇದೆಯೇ ನೋಡಿ. ಇಂಥ ಗೊಂದಲಗಳಲ್ಲಿ ಮೊದಲ ಅನುಮಾನ ಅದರ ಮೇಲೇ. ತೇವಾಂಶ ಶೇ. 77 ಇದ್ದರೆ ಹಸಿ ತೂಕಕ್ಕೆ 1.1 × 0.23 = 0.25. ಮಿತಿಗಳೆಲ್ಲ ಹಸಿ ತೂಕಕ್ಕೆ ಇರುವಂಥವು.

ಹಸಿ ತೂಕವೇ ಆಗಿದ್ದರೆ ಮುಂದಿನ ಪ್ರಶ್ನೆ ಯಂತ್ರದ್ದು. ಐಸಿಪಿ-ಎಂಎಸ್‌ನಲ್ಲಿ (ಲೋಹ ಅಳೆಯುವ ಯಂತ್ರ) ಪಾದರಸ ಕೊಳವೆಯ ಗೋಡೆಗೆ ಅಂಟಿಕೊಂಡು ಹಿಂದಿನ ಮಾದರಿಯದ್ದು ಮುಂದಿನದಕ್ಕೆ ಸೋರುತ್ತದೆ. ತಡೆಯಲು ತೊಳೆಯುವ ದ್ರಾವಣಕ್ಕೆ ಒಂದಿಷ್ಟು ಚಿನ್ನದ ದ್ರಾವಣ ಸೇರಿಸುತ್ತಾರೆ, ಅದನ್ನು ಮಾಡಿದ್ದಾರೆಯೇ ಕೇಳಿ. ಉಲ್ಟಾ ತಪ್ಪೂ ಆಗುತ್ತದೆ: ತೆರೆದ ಬೀಕರಿನಲ್ಲಿ ನೈಟ್ರಿಕ್ ಆಮ್ಲ ಹಾಕಿ ಹಾಟ್ ಪ್ಲೇಟ್ ಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಹಾರಿ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಮುಚ್ಚಿದ ಪಾತ್ರೆಯ ಮೈಕ್ರೊವೇವ್ ಜೀರ್ಣಕ, ಇಲ್ಲವೇ ಆಮ್ಲವೇ ಬೇಡದ ನೇರ ಪಾದರಸ ವಿಶ್ಲೇಷಕ ಆಗಬೇಕು. ಜೊತೆಗೆ ಓಡಿಸಿದ ಪ್ರಮಾಣಿತ ಮಾದರಿಯ (ಪಾದರಸ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಮಾದರಿ) ಅಂಕಿ ಕೇಳಿ. ಮೀನಿಗೆ ಬಹಳ ಕಡೆ ಬಳಸುವುದು ಕೆನಡಾದ ಡಾರ್ಮ್-4, ಅದರ ಪಾದರಸ 0.412 ಮಿ.ಗ್ರಾಂ/ಕಿಲೋ. ಅವರಿಗೆ ಅದರಲ್ಲಿ 0.37ರಿಂದ 0.45ರೊಳಗೆ ಬಂದಿದ್ದರೆ ನಿಮ್ಮ ಅಂಕಿಯನ್ನು ನಂಬಬಹುದು. ಪ್ರಮಾಣಿತ ಮಾದರಿ ಓಡಿಸಿಯೇ ಇಲ್ಲ ಅಂದರೆ ಆ ವರದಿ ಬದಿಗಿಡಿ.

ಮರುಪರೀಕ್ಷೆಗೆ ಒಂದೇ ಮೀನು ಸಾಲದು. ಒಂದೇ ಗಾತ್ರದ ಐದು ಮೀನು, ಪ್ರತಿಯೊಂದರ ತಲೆಯ ಹಿಂದಿನ ಬೆನ್ನಿನ ಮಾಂಸ 50 ಗ್ರಾಂ, ಚರ್ಮ ಬಿಟ್ಟು. ಒಟ್ಟಿಗೆ ಅರೆಸಿ, ಪಾಲಿಥಿನ್ ಚೀಲದಲ್ಲಿ ಗಾಳಿ ಹೊರಡಿಸಿ ಕಟ್ಟಿ, ಮೈನಸ್ 20ರಲ್ಲಿ ಹೆಪ್ಪುಗಟ್ಟಿಸಿ ಕಳಿಸಿ. ಅರ್ಧ ಕರಗಿ ನೀರು ಬಿಟ್ಟ ಮಾದರಿಯ ತೂಕವೇ ಬದಲಾಗುತ್ತದೆ. "ಒಟ್ಟು ಪಾದರಸ, ಹಸಿ ತೂಕ, ತೇವಾಂಶ ಸಹಿತ" ಅಂತ ಅರ್ಜಿಯಲ್ಲೇ ಬರೆಯಿರಿ. ಮೀಥೈಲ್ ಬೇರೆಯಾಗಿ ಅಳೆಸುವ ಖರ್ಚು ಬೇಡ, ಬೇಟೆಗಾರ ಮೀನಿನ ಮಾಂಸದಲ್ಲಿ ಒಟ್ಟು ಪಾದರಸದ ಶೇ. 90ಕ್ಕೂ ಹೆಚ್ಚು ಅದೇ. ಚಿಪ್ಪುಜೀವಿಗೆ ಮಾತ್ರ ಆ ಸಮೀಕರಣ ನಡೆಯುವುದಿಲ್ಲ.

ದಕ್ಕೆ_ತೂಕ

@ಊಟದ_ಪಟ್ಟಿ, ಆ 1.8 ಕಿಲೋ ತೂಕ ಹಾಕಿದವರು ಯಾರು? ಸರಬರಾಜುದಾರರ ಮಾತೇ ಆಗಿದ್ದರೆ, ತಲೆ ಬಾಲ ತೆಗೆದ ತುಂಡುಗಳ ತೂಕವೋ ಇಡೀ ಮೀನಿನದೋ ಒಮ್ಮೆ ವಿಚಾರಿಸಿ. ದೊಡ್ಡ ಮೀನಿನ ನಡು ಭಾಗ 1.8 ಕಿಲೋ ತೂಗಿದ್ದರೆ 1.1 ಬಂದರೂ ಆಶ್ಚರ್ಯವಿಲ್ಲ.